ಮಂದಿ ಇಲ್ಲದ ಚಿತ್ರಗಳು

ಕುಬೇರಪ್ಪನ ಮನೆಯಲ್ಲಿ ಊಟದ ಮೇಜೊಂದಿತ್ತು, ಆರು ಜನ ಕೂರುವಂಥದ್ದು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಂಡೆಯ ನೆವಾರ್ಕಿನ ಈ ಅಪಾರ್ಟ್‌ಮೆಂಟಿಗೆ ಬಂದ ಹೊಸದರಲ್ಲಿ, ಯಾರಾದರೂ ಊಟಕ್ಕೆ ಬಂದರೆ ಇರಲಿ ಎಂದು ಕೊಂಡದ್ದು. ಬರುಬರುತ್ತ ಅದರ ಮೇಲೆ ಬಣ್ಣದ ಡಬ್ಬಿ ಬಂತು, ಕುಂಚ ನಿಲ್ಲಿಸಿದ ಉಪ್ಪಿನಕಾಯಿ ಬಾಟಲಿ ಬಂತು, ಒದ್ದೆ ಕಾಗದ ಒಣಗಿಸಲು ಹಾಸಿದ ಹಳೆಯ ಟವೆಲ್ಲು ಬಂತು. ಊಟ ಮಾತ್ರ ಅಡುಗೆಮನೆಯ ಕಟ್ಟೆಯ ಮುಂದೆ ನಿಂತುಕೊಂಡೇ ನಡೆಯಿತು.

ಗದಗಿನವನು. ವಯಸ್ಸು ಐವತ್ತೇಳು. ಎಲೆಕ್ಟ್ರಿಕ್ ಕಾರು ಮಾಡುವ ಕಂಪನಿಯೊಂದರಲ್ಲಿ ಬ್ಯಾಟರಿ ಪರೀಕ್ಷಿಸುವ ಎಂಜಿನಿಯರು. ಆಫೀಸಿನಲ್ಲಿ ಅವನ ಹೆಸರು ಮೊಟಕಾಗಿ ಕುಬೇರ್ ಆಗಿತ್ತು. ಮದುವೆ ಆಗಿರಲಿಲ್ಲ. ಅದರ ಹಿಂದೆ ಹೇಳಿಕೊಳ್ಳುವಂಥ ಕಥೆಯೇನೂ ಇಲ್ಲ. ಮೊದಲು ಇಬ್ಬರು ತಂಗಿಯರ ಮದುವೆ ಆಗಬೇಕಿತ್ತು, ಅಷ್ಟರಲ್ಲಿ ಅಮೇರಿಕದ ಕೆಲಸ ಬಂತು, ರಜೆಯಲ್ಲಿ ಹೋದಾಗ ಎರಡು ಕಡೆ ಹೆಣ್ಣು ನೋಡಿ ಅವಲಕ್ಕಿ ತಿಂದು ಬಂದ, ಅಪ್ಪ ತೀರಿಹೋದ, ಮುಂದಿನ ವರ್ಷ ನೋಡೋಣ ಅಂದರು. ನೋಡುತ್ತ ನೋಡುತ್ತ ತಲೆಕೂದಲು ನೆರೆತು, ಕೇಳುವವರು ಕೇಳುವುದನ್ನೇ ಬಿಟ್ಟರು. ಯಾರಾದರೂ ಕೇಳಿದರೆ ಅವನು, "ಹಂಗ ಉಳದೋತ್ರಿ" ಅನ್ನುತ್ತಿದ್ದ, ಮನೆಯ ಬಾಗಿಲು ಹಾಕುವುದನ್ನು ಮರೆತವನ ಹಾಗೆ.

ಹೈಸ್ಕೂಲಿನಲ್ಲಿದ್ದಾಗ ಡ್ರಾಯಿಂಗಿನ ಲೋವರ್ ಪರೀಕ್ಷೆ ಪಾಸಾಗಿದ್ದ. ಹೈಯರ್ ಕಟ್ಟುವ ಹೊತ್ತಿಗೆ ಗಣಿತದ ಟ್ಯೂಷನ್ನು ಅಡ್ಡ ಬಂತು. ಆಮೇಲೆ ಚಿತ್ರದ ಗೊಡವೆಗೇ ಹೋಗಿರಲಿಲ್ಲ. ನಲವತ್ತು ದಾಟಿದ ಮೇಲೆ ಒಮ್ಮೆ ಹಿಂದಿನ ಕಂಪನಿ ಮುಚ್ಚಿಕೊಂಡು ಕೆಲವು ತಿಂಗಳು ಕೆಲಸವಿಲ್ಲದೆ ಕೂರಬೇಕಾಯಿತು. ಅರ್ಜಿಗಳನ್ನು ಮುದ್ರಿಸಲು ಪ್ರಿಂಟರಿನ ಶಾಯಿ ತರಲು ಹೋದವನು, ಪಕ್ಕದ ಸಾಲಿನಲ್ಲಿ ಮಕ್ಕಳ ಬಣ್ಣದ ಪೆಟ್ಟಿಗೆ ಕಂಡು ಅದನ್ನೂ ತಂದ. ಮನೆಗೆ ಬಂದು ಕಿಟಕಿಯಾಚೆಯ ಕರೆಂಟಿನ ಕಂಬ ಬರೆದ. ಕಂಬ ಸೊಟ್ಟಗಿತ್ತು. ಆದರೆ ಆ ಮಧ್ಯಾಹ್ನ ಹೇಗೆ ಕಳೆಯಿತೆಂದೇ ಅವನಿಗೆ ತಿಳಿಯಲಿಲ್ಲ. ಮಧ್ಯಾಹ್ನಗಳು ಹಾಗೆ ಕಳೆಯುವುದು ಅಪರೂಪವಾಗಿದ್ದ ಕಾಲ ಅದು. ಮರುದಿನ ಮತ್ತೆ ಬರೆದ.

ಅಲ್ಲಿಂದ ಈಚೆಗೆ ಶನಿವಾರ ಭಾನುವಾರಗಳು ಅವನವು. ಬೆಳಗಿನ ಗಾಳಿ ಏಳುವ ಮೊದಲು ಕೊಲ್ಲಿಯ ದಂಡೆಗೆ ಹೋಗಿ, ಮೀನು ಹಿಡಿಯುವವರ ಮಡಚುವ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಅಲ್ಲಿ ಉಪ್ಪು ತೆಗೆಯುವ ಮಡುಗಳಿದ್ದವು. ಒಂದು ಮಡು ಹಸಿರು, ಒಂದು ಗುಲಾಬಿ, ಇನ್ನೊಂದು ಅಪ್ಪಟ ಕಾವಿ. ಮೊದಲ ಸಲ ಆ ಕೆಂಪು ನೀರು ನೋಡಿದಾಗ ಅವನಿಗೆ ಮಲಪ್ರಭಾ ಕಾಲುವೆಗೆ ಹೊಸ ನೀರು ಬಂದದ್ದು ನೆನಪಾಗಿತ್ತು. ಹದಿನಾಲ್ಕು ವರ್ಷಗಳಲ್ಲಿ ಅವನು ಅತಿ ಹೆಚ್ಚು ಬರೆದದ್ದು ಆ ಮಡುಗಳನ್ನೇ. ಅವು ಬಿಟ್ಟರೆ ಮುಚ್ಚಿದ ಅಂಗಡಿಗಳ ಮುಂದಿನ ಪಾರ್ಕಿಂಗ್ ಲಾಟು, ಫ್ರೀವೇ ಸೇತುವೆಯ ಕೆಳಗಿನ ನೆರಳು, ನೀಲಗಿರಿ ಮರಗಳ ಸಾಲು.

ಇಷ್ಟದ ವಸ್ತುಗಳು ಅವನಿಗೆ ಕೆಲವಿದ್ದವು. ಅಳಿಲಿನ ಕೂದಲಿನ ಒಂದು ದಪ್ಪ ಕುಂಚ. ಅದನ್ನು ಸ್ವಂತ ಶಾಂಪೂವಿನಿಂದಲೇ ತೊಳೆಯುತ್ತಿದ್ದ. ಬಣ್ಣ ಕಲಸಲು ಅಂಚು ಒಡೆದ ಪಿಂಗಾಣಿ ತಟ್ಟೆ. ಪೆನ್ಸಿಲನ್ನು ಬ್ಲೇಡಿನಲ್ಲೇ ಚೂಪು ಮಾಡಬೇಕು. ಶಾರ್ಪನರಿನಲ್ಲಿ ಮಾಡಿದ್ದು ಪೆನ್ಸಿಲೇ ಅಲ್ಲ ಎಂಬುದು ಅವನ ನಂಬಿಕೆ. ಇನ್ನೊಂದು, ಮೀನುಗಾರರಿಗೆ ಗಾಳಿ ಮತ್ತು ಉಬ್ಬರದ ಸುದ್ದಿ ಹೇಳುವ ಪುಟ್ಟ ರೇಡಿಯೋ. ಅದರಲ್ಲಿ ಮಾತಾಡುವುದು ಯಂತ್ರದ ಧ್ವನಿ. ಗಾಳಿ ಯಾವ ಕಡೆಯಿಂದ, ಎಷ್ಟು ಜೋರು, ಅಲೆ ಎಷ್ಟು ಎತ್ತರ ಎಂದು ಹೇಳಿದ್ದನ್ನೇ ಹೇಳುತ್ತಿತ್ತು. ಗಾಳಿ ತಿಳಿದುಕೊಳ್ಳಲೆಂದು ತಂದದ್ದು, ಆಮೇಲಾಮೇಲೆ ಸುಮ್ಮನೆ ಹಚ್ಚಿಡತೊಡಗಿದ. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಆ ಮನೆಯಲ್ಲಿ ಕೇಳಿಸುತ್ತಿದ್ದ ಧ್ವನಿ ಅದೊಂದೇ.

ಕನ್ನಡದವರು ಊರಲ್ಲಿ ಬೇಕಾದಷ್ಟಿದ್ದರು. ಮೊದಮೊದಲು ಎಲ್ಲರೂ ಪಾಟ್‌ಲಕ್ ಊಟಕ್ಕೆ ಕರೆಯುತ್ತಿದ್ದರು. ಮಕ್ಕಳು ಹುಟ್ಟಿದ ಮೇಲೆ ಅವರ ಮಾತೆಲ್ಲ ಡೇಕೇರು, ಸ್ಕೂಲು, ಕಾಲೇಜು ಎಂದು ಸಾಗಿತು. ಆ ಮಾತಿನ ನಡುವೆ ಅವನಿಗೆ ಹೂಂಗುಟ್ಟಲೂ ಎಡೆಯಿರಲಿಲ್ಲ. ಕರೆಯುವುದು ಕಡಿಮೆಯಾಯಿತು, ಹೋಗುವುದೂ ಕಡಿಮೆಯಾಯಿತು. ಒಂದು ವರ್ಷ ರಾಜ್ಯೋತ್ಸವಕ್ಕೆ ಕನ್ನಡ ಸಂಘದ ಶಿವಪ್ರಕಾಶ್ ಫೋನು ಮಾಡಿ, "ಕುಬೇರಪ್ಪನವ್ರೇ, ನೀವು ಪೇಂಟಿಂಗ್ ಮಾಡ್ತೀರಂತೆ, ಸ್ಟೇಜಿಗೊಂದು ಬ್ಯಾಕ್‌ಡ್ರಾಪು ಮಾಡ್ಕೊಡಿ" ಅಂದ. ಕುಬೇರಪ್ಪ ಶಿವಪ್ರಕಾಶನ ಗರಾಜಿನಲ್ಲಿ ಮೂರು ವಾರಾಂತ್ಯ ಕೂತು ಬಾದಾಮಿಯ ಕೆಂಪು ಬಂಡೆಗಳನ್ನು ಬಟ್ಟೆಯ ಮೇಲೆ ಬರೆದ. ಕಾರ್ಯಕ್ರಮದ ದಿನ ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. "ಸೂಪರ್ ಆಗಿದೆ, ಎಲ್ಲಿ ಪ್ರಿಂಟ್ ಹಾಕ್ಸಿದ್ರಿ?" ಎಂದು ಒಬ್ಬಾಕೆ ಅವನನ್ನೇ ಕೇಳಿದಳು. ಅವನು ಕಾಗದದ ತಟ್ಟೆಯಲ್ಲಿ ಬಿಸಿಬೇಳೆಭಾತು ಹಿಡಿದುಕೊಂಡು, "ಗೊತ್ತಿಲ್ರಿ" ಅಂದುಬಿಟ್ಟ. ಯಾಕೆ ಹಾಗಂದನೋ ಅವನಿಗೇ ತಿಳಿಯಲಿಲ್ಲ.

ಬಂಗಾರೆವ್ವ ಅವನಿಗೆ ಸಿಕ್ಕಿದ್ದು ಜೂನಿನ ಒಂದು ಸಂಜೆ. ಅಪಾರ್ಟ್‌ಮೆಂಟಿನ ಹಿಂಭಾಗದಲ್ಲಿ ಮಕ್ಕಳ ಉಯ್ಯಾಲೆಯ ಹತ್ತಿರ ಒಂದು ಬೆಂಚಿತ್ತು. ಆಫೀಸಿನಿಂದ ಬಂದು ಕುಬೇರಪ್ಪ ಅಲ್ಲಿ ಕೂತು ಪೂರ್ವದ ಗುಡ್ಡಗಳನ್ನು ಬರೆಯುತ್ತಿದ್ದ. ಆಕಾಶಕ್ಕೆ ಹಾಕಿದ ನೀಲಿ ಇನ್ನೂ ಒಣಗದೆ ಗುಡ್ಡದೊಳಕ್ಕೆ ಇಳಿದುಬಂತು.

"ಥೂ ಇದರ, ಹಾಳಾತು" ಅಂದ ತನ್ನಷ್ಟಕ್ಕೆ.

"ಯಾವೂರ್ರೀ ನಿಮ್ದು?" ಎಂದು ಬೆನ್ನ ಹಿಂದಿನಿಂದ ಕೇಳಿಸಿತು.

ತಿರುಗಿ ನೋಡಿದ. ಅರವತ್ತೈದರ ಆಚೆಗಿನ ಹೆಂಗಸು. ಇಳಕಲ್ ಸೀರೆ, ಅದರ ಮೇಲೆ ಗಂಡಸರ ಸ್ವೆಟರು, ಕಾಲಿಗೆ ಬಿಳಿ ಓಟದ ಬೂಟು. ಅವನು ಗದಗು ಅಂದ. ಆಕೆಗೆ ಮೊದಲು ನಂಬಿಕೆಯೇ ಬರಲಿಲ್ಲ. ಗದಗಿನ ಯಾವ ಓಣಿ, ಯಾವ ಗುಡಿಯ ಹತ್ತಿರ, ಯಾರ ಪೈಕಿ ಎಂದು ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಬೆಂಚಿನ ಇನ್ನೊಂದು ತುದಿಗೆ ಉಸ್ಸೆಂದು ಕೂತಳು.

"ನಮ್ದು ನರಗುಂದ್ರಿ. ಮೂರು ವಾರಾತು ಬಂದು. ಮಾತಾಡಾಕ ಬಾಯಿ ತುರಸಾಕತ್ತಿತ್ತು."

ಗಂಡ ಪ್ರಾಥಮಿಕ ಶಾಲೆಯ ಮಾಸ್ತರಿಕೆ ಮಾಡಿ ತೀರಿಕೊಂಡವನು. ಮಗ ಆಕಾಶ, ಸೊಸೆ ಶೀತಲ್ ಇಬ್ಬರೂ ಎಂಜಿನಿಯರುಗಳು. ಈ ಕಾಂಪ್ಲೆಕ್ಸಿನಲ್ಲೇ ಕೆಳಗಿನ ಮಹಡಿಯಲ್ಲಿದ್ದರು. ಮೊಮ್ಮಗಳು ಇಂಚರಾಗೆ ಬೇಸಿಗೆ ರಜೆ. ಅವಳನ್ನು ನೋಡಿಕೊಳ್ಳಲು ಆಕೆಯನ್ನು ಕರೆಸಿಕೊಂಡಿದ್ದರು. ಮೊಮ್ಮಗಳಿಗೆ ಅಜ್ಜಿಯ ಮಾತು ಅಲ್ಪಸ್ವಲ್ಪ ತಿಳಿಯುತ್ತಿತ್ತು, ಆದರೆ ಉತ್ತರವೆಲ್ಲ ಇಂಗ್ಲಿಷಿನಲ್ಲಿ. "ನಾ ಒಂದು ಕೇಳ್ತೀನಿ, ಅಕಿ ಒಂದು ಹೇಳ್ತಾಳ. ಇಬ್ಬರಿಗೂ ತಿಳದಂಗ ತಲಿ ಅಲ್ಲಾಡಸ್ತೀವಿ" ಅಂದಳು ಬಂಗಾರೆವ್ವ.

ಏಳುವ ಮೊದಲು ಅವನ ಕೈಯಲ್ಲಿದ್ದ ಚಿತ್ರವನ್ನು ನೋಡಿದಳು. "ಚಲೋ ಬರದೀರಿ. ಆದ್ರ ಇದ್ರಾಗ ಒಬ್ಬರೂ ಮಂದಿನ ಇಲ್ಲಲ್ರಿ?"

"ನನಗ ಮಂದಿ ಬರಿಯಾಕ ಬರೂದಿಲ್ರಿ ಅಕ್ಕಾರ" ಅಂದ ಕುಬೇರಪ್ಪ. ಅದು ನಿಜವೇ ಆಗಿತ್ತು.

ಆ ಬೇಸಿಗೆಯಲ್ಲಿ ಸಂಜೆಗಳು ಉದ್ದವಾಗಿದ್ದವು. ಅವನು ಆಫೀಸಿನಿಂದ ಬರುವಷ್ಟರಲ್ಲಿ ಆಕೆ ಬೆಂಚಿನ ಮೇಲಿರುತ್ತಿದ್ದಳು. ಕೆಲವು ದಿನ ಪುಟ್ಟ ಡಬ್ಬಿಯಲ್ಲಿ ಶೇಂಗಾ ಚಟ್ನಿ ತರುತ್ತಿದ್ದಳು, ಕೆಲವು ದಿನ ಬರೇ ಮಾತು. ರೀ ಅನ್ನುವುದು ಹೋಗಿ ತಮ್ಮಾ ಅನ್ನುವುದು ಬಂತು. ಕುಬೇರಪ್ಪ ಬರೆಯುತ್ತಿದ್ದ, ಆಕೆ ನರಗುಂದದ ನೆಂಟರ ಜಗಳಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು. ಆ ಜಗಳಗಳಲ್ಲಿ ಯಾರ ಕಡೆ ನ್ಯಾಯವಿದೆ ಎಂದು ಅವನು ಆಫೀಸಿನ ಮೀಟಿಂಗಿನಲ್ಲಿ ಕೂತು ಯೋಚಿಸುವುದೂ ಇತ್ತು.

ಶಾಲೆ ಮತ್ತೆ ಶುರುವಾದ ಹೊತ್ತಿಗೆ ಬಂಗಾರೆವ್ವ ಒಂದು ಬೇಡಿಕೆ ಇಟ್ಟಳು.

"ತಮ್ಮಾ, ನಂದೊಂದು ಚಿತ್ರಾ ತಗಿ."

"ನನಗ ಬರೂದಿಲ್ಲ ಅಂದೆನಲ್ರಿ."

"ಕಲ್ತುಕೋ. ನಾ ಸತ್ತ ಮ್ಯಾಲ ಗ್ವಾಡಿಗಿ ಹಾಕಾಕ ಬೇಕು. ಈಗಿರೂದು ವೀಸಾಕ್ಕ ತಗಿಸಿದ ಫೋಟೋ ಒಂದ. ಅದ್ರಾಗ ಕಳ್ಳಿ ಕಂಡಂಗ ಕಾಣ್ತೀನಿ. ಅದನ್ನ ಗ್ವಾಡಿಗಿ ಹಾಕಿ ಹೂವಿನ ಹಾರ ಹಾಕಿದ್ರ, ಬಂದವರು ಇಕಿ ಏನ್ ಕದ್ದಿದ್ಳು ಅಂತ ಕೇಳ್ತಾರ."

ಸಾವಿನ ಮಾತನ್ನು ಆಕೆ ಸಂತೆಯ ಮಾತಿನ ಹಾಗೆ ಆಡಿದಳು. ಕುಬೇರಪ್ಪನಿಗೆ ಇಲ್ಲವೆನ್ನಲು ಆಗಲಿಲ್ಲ.

ಉಪ್ಪಿನ ಮಡು ಒಂದೇ ಕಡೆ ಇರುತ್ತಿತ್ತು. ಬಂಗಾರೆವ್ವ ಇರುತ್ತಿರಲಿಲ್ಲ. ಅಲುಗದೆ ಕೂರಿ ಅಂದರೆ ಮುಖ ಬಿಗಿದುಕೊಂಡು ವೀಸಾದ ಫೋಟೋದಂತೆಯೇ ಆಗಿಬಿಡುತ್ತಿದ್ದಳು. ಮಾತಿಗೆ ಬಿಟ್ಟರೆ ತಲೆ, ಕೈ, ಸೆರಗು ಯಾವುದೂ ನಿಲ್ಲುತ್ತಿರಲಿಲ್ಲ. ಮೂಗು ಬಂದರೆ ಕಣ್ಣು ಬರುತ್ತಿರಲಿಲ್ಲ. ಗದ್ದದಲ್ಲಿ ನೆರಳು ಹೆಚ್ಚಾಗಿ ಗಡ್ಡ ಬಿಟ್ಟ ಹಾಗಾಗುತ್ತಿತ್ತು. ಒಂದು ಹಾಳೆಯನ್ನು ಆಕೆ ದೂರ ಹಿಡಿದು ನೋಡಿ, "ಇದು ನಾನಲ್ಲ. ನಮ್ಮತ್ತಿ. ಹಿಂಗ ನೋಡ್ತಿದ್ಳು, ಮುದಿಕಿ" ಅಂದಳು. ಇನ್ನೊಂದನ್ನು ನೋಡಿ ಮಡಿಚಿ ಅವನ ಕೈಗೇ ಕೊಟ್ಟಳು. ಹಾಳೆಗಳು ಕಸದ ಬುಟ್ಟಿ ಸೇರಿದವು. ಆದರೆ ಕುಬೇರಪ್ಪ ಆಫೀಸಿನ ಕ್ಯಾಂಟೀನಿನಲ್ಲಿ ಎದುರಿಗೆ ಕೂತವರ ಕಿವಿ ಹೇಗೆ ತಲೆಗೆ ಅಂಟಿಕೊಂಡಿದೆ ಎಂದು ನೋಡತೊಡಗಿದ. ಅಷ್ಟು ವರ್ಷ ಜೊತೆಗೆ ಕೆಲಸ ಮಾಡಿದವರ ಕಣ್ಣಿನ ಬಣ್ಣ ಅವನಿಗೆ ಗೊತ್ತಿರಲಿಲ್ಲ.

ಒಂದು ಸಂಜೆ ಆಕೆ ಅವನ ಅಡುಗೆಯ ವಿಚಾರ ತೆಗೆದಳು. ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದಳು.

"ಒಮ್ಮಿ ಬಡದಿದ್ನಿರಿ. ಸುಡಾಕ ಸೀದಾ ಬೆಂಕಿ ಮ್ಯಾಲ ಇಟ್ಟೆ. ಹೊಗಿಗೆ ಅಲಾರಮು ಹೊಡ್ಕೊಂತು. ಇಡೀ ಬಿಲ್ಡಿಂಗಿನ ಮಂದಿ ಹೊರಗ ಬಂದ್ರು. ಫೈರ್ ಇಂಜಿನ್ ಬಂತು."

"ಹೌದಾ?"

"ದೊಡ್ಡ ಆಳು, ಟೊಪ್ಪಿಗಿ ಹಾಕ್ಕೊಂಡು ಒಳಗ ಬಂದ. ಏನ್ ಸುಡಾಕತ್ತೈತಿ ಅಂದ. ರೊಟ್ಟಿ ತೋರಿಸಿದೆ. ಇದೇನು ಅಂದ. ಬ್ರೆಡ್ಡು ಅಂದೆ. ಅಂವಾ ಅದನ್ನ ಕೈಯಾಗ ಹಿಡದು ಬೆರಳಿಲೆ ಬಡದು ನೋಡಿದ್ರಿ. ಟಣ್ ಅಂತು."

ಬಂಗಾರೆವ್ವ ನಕ್ಕಳು. ಮೊದಲು ಭುಜ ಕುಲುಕಿತು, ಆಮೇಲೆ ಕಣ್ಣು ಮುಚ್ಚಿಕೊಂಡವು, ಮುರಿದ ಹಲ್ಲನ್ನು ಮರೆಮಾಡಲು ಕೈ ಬಾಯಿಯ ಕಡೆ ಹೊರಟು ಅರ್ಧದಲ್ಲೇ ನಿಂತಿತು. ಕುಬೇರಪ್ಪನ ಕೈಯಲ್ಲಿ ಪೆನ್ಸಿಲಿತ್ತು. ಅವನು ಬರೆಯಲಿಲ್ಲ. ನೋಡುತ್ತ ಕೂತ. ತನ್ನ ಮಾತಿಗೆ ಒಬ್ಬರು ಹೀಗೆ ನಕ್ಕು ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟ.

ಅಕ್ಟೋಬರು ಬಂತು. ಸಂಜೆ ಬೇಗ ಕತ್ತಲಾಗತೊಡಗಿತು. ಒಂದು ಭಾನುವಾರ ಬೆಳಿಗ್ಗೆ ಬೆಂಚಿನ ಮೇಲೆ ಕೂರಲಾರದಷ್ಟು ತಣ್ಣನೆಯ ಗಾಳಿ. "ನಿನ್ನ ಮನಿ ಎಲ್ಲೈತಿ, ನಡಿ, ಚಾ ಕುಡಿಯೂಣು" ಎಂದು ಆಕೆಯೇ ಎದ್ದಳು. ಕುಬೇರಪ್ಪ ಮೆಟ್ಟಿಲು ಹತ್ತುವಾಗಲೇ ಮನೆಯಲ್ಲಿ ಯಾವ ಕುರ್ಚಿ ಖಾಲಿಯಿದೆ ಎಂದು ನೆನಪಿಸಿಕೊಂಡ. ಎಲ್ಲದರ ಮೇಲೂ ಏನಾದರೊಂದಿತ್ತು.

ಚಹಾ ಕುದಿಯುವಾಗ ಆಕೆ ಮನೆಯೆಲ್ಲ ಒಂದು ಸುತ್ತು ಬಂದಳು. ಗೋಡೆಯ ಮೇಲೆ ಕ್ಯಾಲೆಂಡರು ಬಿಟ್ಟು ಇನ್ನೇನಿರಲಿಲ್ಲ. ಚಿತ್ರಗಳೆಲ್ಲ ಮಲಗುವ ಕೋಣೆಯಲ್ಲಿ ರಟ್ಟಿನ ನಡುವೆ ಇಟ್ಟು ಗೋಡೆಗೆ ಮುಖ ಮಾಡಿ ಒರಗಿಸಿದ್ದ.

"ಇಷ್ಟೂ ನೀ ಬರದದ್ದಾ?"

"ಹೌದ್ರಿ."

"ಯಾರ್ಯಾರು ನೋಡ್ಯಾರ?"

"ಯಾರೂ ಇಲ್ರಿ."

"ಹಂಗಾದ್ರ ನಾ ನೋಡ್ತೀನಿ. ತಗಿ ಒಂದೊಂದ."

ಸೋಫಾದ ಮೇಲಿದ್ದ ಕಾಗದದ ಸುರುಳಿ ಸರಿಸಿ ಕೂತು, ಕನ್ನಡಕ ಒರೆಸಿಕೊಂಡಳು. ಕುಬೇರಪ್ಪ ಒಂದೊಂದೇ ತಂದು ಎದುರಿಗೆ ಹಿಡಿದ. ಈ ನೀರು ಯಾಕೆ ಕೆಂಪಗಿದೆ ಎಂದು ಕೇಳಿದಳು. ಉಪ್ಪು ಹೆಚ್ಚಾದ ನೀರಿನಲ್ಲಿ ಬೆಳೆಯುವ ಪಾಚಿಯ ಬಣ್ಣ ಎಂದು ಹೇಳಿದ. ಈ ಹಕ್ಕಿ ಬಾತುಕೋಳಿಯೋ ಎಂದಳು. ಅಲ್ಲ, ಪೆಲಿಕನ್ನು ಎಂದ. ಕೆಲವನ್ನು ತಲೆಯಾಡಿಸಿ ದಾಟಿಸಿದಳು, ಕೆಲವನ್ನು ಇನ್ನೊಮ್ಮೆ ಹಿಡಿಯಲು ಹೇಳಿದಳು. ಅವನಿಗೆ ಬಹಳ ಮೆಚ್ಚಿನದಾಗಿದ್ದ ಮಂಜಿನ ಚಿತ್ರವೊಂದನ್ನು ನೋಡಿ, "ಇದು ಮುಗದಿಲ್ಲ ಅಲ್ಲಾ?" ಅಂದಳು. ಚಹಾ ಆರಿಹೋಯಿತು. ಮತ್ತೆ ಕಾಯಿಸಿ ತಂದ. ಆ ಬೆಳಿಗ್ಗೆ ಅವನು ರೇಡಿಯೋ ಹಚ್ಚಿರಲಿಲ್ಲ.

ಎಲ್ಲ ಮುಗಿದ ಮೇಲೆ ಬಂಗಾರೆವ್ವ ಚಿತ್ರಗಳ ಕಡೆ ಬೆರಳು ಮಾಡಿದಳು.

"ಇಲ್ಲಿ ನೋಡಿದ್ರ ಅಂಗಡಿ ಮುಚ್ಚೈತಿ. ಇಲ್ಲಿ ನೋಡಿದ್ರ ಬರೇ ಗಾಡಿ ನಿಂತಾವ. ಇಲ್ಲಿ ಕಂಬ. ಮಂದಿ ಎಲ್ಲಿ ಹೋದ್ರು ತಮ್ಮಾ?"

"ಮಂದಿ ಒಂದ ಕಡೆ ನಿಲ್ಲೂದಿಲ್ರಿ ಅಕ್ಕಾರ."

"ಯಾರಿಗರ ನಿಲ್ಲು ಅಂತ ಅಂದಿದ್ದೇನು ನೀ?"

ಅವನು ಕಪ್ಪುಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದ. ನಲ್ಲಿ ಬಿಟ್ಟು ಬಹಳ ಹೊತ್ತು ತೊಳೆದ.

ಮುಂದಿನ ಎರಡು ಭಾನುವಾರವೂ ಆಕೆ ಬಂದಳು. ಎರಡನೆಯ ಸಲ ಜೋಳದ ಹಿಟ್ಟು ತಂದು, ಅಲಾರಮು ಹೊಡೆಯದ ಹಾಗೆ ರೊಟ್ಟಿ ಸುಡುವುದನ್ನು ತೋರಿಸಿಕೊಟ್ಟಳು. ಆ ದಿನ ಕುಬೇರಪ್ಪ ಬಣ್ಣದ ಸಾಮಾನನ್ನೆಲ್ಲ ಒಂದು ಕಡೆಗೆ ತಳ್ಳಿ, ಮೇಜಿನ ಮೂಲೆಯಲ್ಲಿ ಎರಡು ತಟ್ಟೆ ಇಟ್ಟಿದ್ದ.

ಅದಾದ ಎರಡು ದಿನಕ್ಕೆ ಆಕಾಶ ಮೇಲೆ ಬಂದ. ಬಾಗಿಲು ತೆರೆದು ಒಳಗೆ ಕರೆದರೂ ಹೊಸ್ತಿಲ ಹೊರಗೇ ನಿಂತ. ಒಳ್ಳೆಯ ಹುಡುಗ, ಮೆತ್ತಗಿನ ಮಾತು. ಕೈಯಲ್ಲಿ ಕಾರಿನ ಕೀಲಿಯನ್ನು ತಿರುಗಿಸುತ್ತಿದ್ದ.

"ಅಂಕಲ್, ತಪ್ಪು ತಿಳ್ಕೋಬ್ಯಾಡ್ರಿ. ಅವ್ವಗ ಇಲ್ಲಿ ಟೈಮ್ ಹೋಗೂದಿಲ್ಲ, ನೀವು ಕಂಪನಿ ಕೊಟ್ರಿ, ಥ್ಯಾಂಕ್ಸ್. ಆದ್ರ ಮೊನ್ನೆ ಗ್ರೋಸರಿ ಸ್ಟೋರಿನ್ಯಾಗ ಶೀತಲ್‌ಗ ಯಾರೋ ಆಂಟಿ ಏನೋ ಜೋಕ್ ಮಾಡ್ಯಾರ. ನಿಮ್ಮ ಅತ್ತಿಯವರಿಗೆ ಮ್ಯಾಲಿನ ಮನ್ಯಾಗ ಫ್ರೆಂಡ್ ಸಿಕ್ಕಾರಂತಲ್ಲ ಅಂತ. ಶೀತಲ್‌ಗ ಬ್ಯಾಸರಾತು."

ಕುಬೇರಪ್ಪನ ಕಿವಿ ಬಿಸಿಯಾದವು. "ಅವರು ನನಗ ಅಕ್ಕ ಇದ್ದಂಗ್ರಿ" ಅಂದ.

"ನನಗ ಗೊತ್ತೈತ್ರಿ. ಮಂದಿ ಬಾಯಿ... ಇನ್ನೊಂದೀಟು ದಿವಸ ಅಷ್ಟ, ಅವ್ವ ಹೆಂಗೂ ಹೋಗ್ತಾಳ."

"ಇಲ್ಲ ಬಿಡ್ರಿ. ನಾ ಬೆಂಚಿಗೂ ಬರೂದಿಲ್ಲ."

"ಹಂಗಲ್ಲ ಅಂಕಲ್..." ಎನ್ನುತ್ತ ಆಕಾಶ ಮೆಟ್ಟಿಲಿಳಿದು ಹೋದ.

ಕುಬೇರಪ್ಪ ಬಾಗಿಲು ಹಾಕಿಕೊಂಡ. ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಐವತ್ತೇಳು ವರ್ಷ ಯಾರ ಬಾಯಿಗೂ ಬೀಳದೆ, ಯಾರ ಕಣ್ಣಿಗೂ ಬೀಳದೆ ಬದುಕಿದವನ ಮನೆಗೆ ಒಬ್ಬ ಹೆಂಗಸು ಬಂದು ರೊಟ್ಟಿ ಬಡಿದು ಹೋದದ್ದು ಊರಿಗೆ ಕಂಡಿತ್ತು. ಬಾದಾಮಿಯ ಬಂಡೆ ಬರೆದವನು ಯಾರೆಂದು ಅದೇ ಊರಿಗೆ ಕಂಡಿರಲಿಲ್ಲ. ಮರುದಿನದಿಂದ ಆಫೀಸಿನಲ್ಲಿ ತಡವಾಗಿ ಉಳಿದು, ಕತ್ತಲಾದ ಮೇಲೆ ಮುಂದಿನ ಗೇಟಿನಿಂದ ಬರತೊಡಗಿದ. ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಎರಡು ಸಲ, ಮತ್ತೊಂದು ಸಲ. ಕುಬೇರಪ್ಪ ಕುಂಚ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿಕೊಂಡು ಕೂತಿದ್ದ. ಹೆಜ್ಜೆಗಳು ಒಂದೊಂದೇ ಮೆಟ್ಟಿಲು ಇಳಿದವು. ಮಂಡಿ ನೋವಿನವರು ಇಳಿಯುವ ಹಾಗೆ.

ನವೆಂಬರಿನಲ್ಲಿ ಆಕೆ ಹೊರಟಳು. ಶನಿವಾರ ಮಧ್ಯಾಹ್ನ ಕೆಳಗೆ ಕಾರಿನ ಡಿಕ್ಕಿ ತೆರೆದ ಸದ್ದು, ಸೂಟ್‌ಕೇಸಿನ ಗಾಲಿಗಳ ಸದ್ದು. ಕುಬೇರಪ್ಪ ಪರದೆಯ ಹಿಂದೆ ನಿಂತು ನೋಡಿದ. ಇಂಚರಾ ಅಜ್ಜಿಯ ಕೈಚೀಲ ಹಿಡಿದಿದ್ದಳು, ಶೀತಲ್ ಪಾಸ್‌ಪೋರ್ಟು ಕೇಳುತ್ತಿದ್ದಳು. ಕಾರಿನೊಳಕ್ಕೆ ಒಂದು ಕಾಲಿಟ್ಟಿದ್ದ ಬಂಗಾರೆವ್ವ ಅದನ್ನು ಹೊರತೆಗೆದಳು. ತಲೆ ಎತ್ತಿ, ನರಗುಂದದ ಹೊಲದಲ್ಲಿ ನಿಂತು ಕರೆಯುವಷ್ಟು ದೊಡ್ಡ ದನಿಯಲ್ಲಿ ಕರೆದಳು.

"ತಮ್ಮಾ ಕುಬೇರಪ್ಪಾ, ಹೊಂಟೀನಿ ನೋಡಪಾ."

ನಾಲ್ಕಾರು ಕಿಟಕಿಗಳಲ್ಲಿ ಮುಖಗಳು ಕಂಡವು. ಕುಬೇರಪ್ಪ ಬಾಲ್ಕನಿಗೆ ಬಂದ. ಬಣ್ಣ ಮೆತ್ತಿದ ಅಂಗಿಯಲ್ಲೇ ಇದ್ದ. ಎಷ್ಟೋ ಹೇಳಬೇಕೆನಿಸಿತು, ಬಾಯಿಗೆ ಬಂದದ್ದು, "ಹುಷಾರಾಗಿ ಹೋಗಿ ಬರ್ರಿ ಅಕ್ಕಾರ" ಎಂಬುದಷ್ಟೇ.

"ಊಟ ನಿಂತು ಮಾಡಬ್ಯಾಡ, ಕುಂತು ಮಾಡು" ಅಂದಳು ಆಕೆ. ಆಕಾಶ ನೆಲ ನೋಡುತ್ತ ನಿಂತಿದ್ದ. ಕಾರು ಹೋಯಿತು.

ಅದರ ಮಾರನೆಯ ಬೆಳಿಗ್ಗೆ ಕುಬೇರಪ್ಪ ಕೊಲ್ಲಿಯ ಕಡೆ ಹೋಗಲಿಲ್ಲ. ಬಂಗಾರೆವ್ವನ ಚಿತ್ರದ ಕೆಲಸ ಅರ್ಧಕ್ಕೇ ನಿಂತಿತ್ತು, ಇನ್ನು ಎದುರಿಗೆ ಕೂರುವವರಿಲ್ಲ. ದೊಡ್ಡ ಹಾಳೆ ತೆಗೆದು ರಟ್ಟಿಗೆ ಅಂಟಿಸಿದ. ಭುಜದಿಂದ ಶುರುಮಾಡಿದ, ಆ ದಿನ ಮೊದಲು ಕುಲುಕಿದ್ದು ಭುಜವಲ್ಲವೇ. ಕಣ್ಣುಗಳನ್ನು ಎರಡು ಗೆರೆಯಲ್ಲಿ ಮುಚ್ಚಿದ. ಬಾಯಿಯತ್ತ ಹೊರಟ ಕೈಯನ್ನು ಅರ್ಧದಲ್ಲೇ ಬಿಟ್ಟ, ಮುರಿದ ಹಲ್ಲು ಕಾಣುವಂತೆ. ಸ್ವೆಟರಿನ ಮಡಿಕೆ ಕೆಟ್ಟಿತು, ಹಾಗೇ ಬಿಟ್ಟ. ಮೂಗಿನ ಬಗ್ಗೆ ಅವನಿಗೆ ಕೊನೆಯವರೆಗೂ ಧೈರ್ಯವಿರಲಿಲ್ಲ. ಒಣಗಿದ ಮೇಲೆ ಎದುರಿಗಿಟ್ಟುಕೊಂಡು ನೋಡಿದಾಗ, ಕೋಣೆಯಲ್ಲಿ ಇನ್ನೊಬ್ಬರು ಇದ್ದಾರೆ ಅನ್ನಿಸಿತು. ಮನೆ ಎಷ್ಟು ಖಾಲಿಯಿದೆ ಎಂದು ಅವನಿಗೆ ಸರಿಯಾಗಿ ತಿಳಿದದ್ದು ಆಗಲೇ.

ಚಿತ್ರವನ್ನು ಇಟ್ಟುಕೊಳ್ಳುವ ಆಸೆ ಒಂದು ವಾರ ಕಾಡಿತು. ಆಮೇಲೆ ಬಟ್ಟೆಯಲ್ಲಿ ಸುತ್ತಿ ಕೆಳಗೆ ಹೋಗಿ ಬೆಲ್ಲು ಒತ್ತಿದ. ಬಾಗಿಲು ತೆರೆದವಳು ಶೀತಲ್. "ಅವರು ಕೇಳಿದ್ರು" ಎಂದು ಕುಬೇರಪ್ಪ ಬಟ್ಟೆ ಬಿಚ್ಚಿದ. ಒಳಗಿನಿಂದ ಆಕಾಶ ಬಂದ. ಗಂಡ ಹೆಂಡತಿ ಇಬ್ಬರೂ ಬಾಗಿಲಲ್ಲೇ ನಿಂತು ನೋಡಿದರು.

"ನಮ್ಮನ್ಯಾಗ ಆರು ತಿಂಗಳಿದ್ಳು" ಅಂದ ಆಕಾಶ ಕೊನೆಗೆ. "ಹಿಂಗ ನಕ್ಕಿದ್ದು ನಾ ನೋಡೇ ಇಲ್ರಿ ಅಂಕಲ್."

ಶೀತಲ್, "ಒಳಗ ಬರ್ರಿ ಅಂಕಲ್, ಪ್ಲೀಸ್" ಅಂದಳು. ಅವಳ ದನಿ ಸಣ್ಣದಾಗಿತ್ತು. ಅವನು ಹೋಗಿ ಕೂತ. ಆಕಾಶ ವಿಡಿಯೋ ಫೋನಿನಲ್ಲಿ ನರಗುಂದವನ್ನು ಹಿಡಿದ, ಅಲ್ಲಿ ಬೆಳಗಾಗಿತ್ತು. ಬಂಗಾರೆವ್ವ ಚಿತ್ರವನ್ನು ಫೋನಿನೊಳಗಿಂದ ಬಹಳ ಹೊತ್ತು ನೋಡಿದಳು.

"ಮೂಗು ಸರಿ ಬಂದಿಲ್ಲ" ಅಂದಳು. ಆಮೇಲೆ, "ಇರ್ಲಿ. ಇದನ್ನ ಹಾಕ್ರಿ" ಅಂದಳು.

ಆಕಾಶ ಆ ಚಿತ್ರಕ್ಕೆ ಕಟ್ಟು ಹಾಕಿಸಿ ಊರಿಗೆ ಹೋಗುವವರೊಬ್ಬರ ಕೈಯಲ್ಲಿ ಕಳಿಸಿದ. ಆಕಾಶನ ಮನೆಗೆ ಊಟಕ್ಕೆ ಬನ್ನಿ ಎಂಬ ಕರೆ ಮತ್ತೆರಡು ಸಲ ಬಂತು. ಒಮ್ಮೆ ಹೋದ. ಮಾತು ಇಂಚರಾಳ ಪಿಯಾನೋ ಕ್ಲಾಸಿನ ಕಡೆ ಹೊರಳಿತು, ಅವನು ಹೂಂ ಎಂದು ಕೂತು ಬಂದ. ಅವರು ಮಾರ್ಚಿನಲ್ಲಿ ಗುಡ್ಡಗಳಾಚೆ ಟ್ರೇಸಿ ಎಂಬ ಊರಿನ ಕಡೆ ಮನೆ ಕೊಂಡು ಹೋದರು. ಕೆಳಗಿನ ಮನೆಗೆ ಬೇರೆಯವರು ಬಂದರು. ಬಂಗಾರೆವ್ವನ ಜೊತೆ ಹಬ್ಬಕ್ಕೊಮ್ಮೆ ಫೋನಿನಲ್ಲಿ ಮಾತಾಗುತ್ತಿತ್ತು. ಕಿವಿ ಮಂದವಾಗಿ ಆಕೆಗೆ ಅರ್ಧ ಕೇಳಿಸುತ್ತಿರಲಿಲ್ಲ.

ಕುಬೇರಪ್ಪ ಈಗ ಶನಿವಾರಗಳಲ್ಲಿ ಪಕ್ಕದೂರು ಫ್ರೀಮಾಂಟಿಗೆ ಹೋಗಿ ಸ್ಯಾನ್ ಫ್ರಾನ್ಸಿಸ್ಕೋದ ಕಡೆಯ ರೈಲು ಹತ್ತುತ್ತಾನೆ. ನಗರದಲ್ಲಿ ಅವನಿಗೆ ಕೆಲಸವೇನಿಲ್ಲ. ಬಾಗಿಲ ಪಕ್ಕದ ಸೀಟಿನಲ್ಲಿ ಕೂತು, ಅಂಗೈಯಗಲದ ಪುಸ್ತಕದಲ್ಲಿ ಎದುರಿನವರನ್ನು ಬರೆಯುತ್ತಾನೆ. ಮುಖ ಅರ್ಧ ಆಗುವಷ್ಟರಲ್ಲಿ ಅವರ ನಿಲ್ದಾಣ ಬರುತ್ತದೆ. ಪುಟ ಪುಟದಲ್ಲೂ ಬರೇ ಹಣೆ, ಕಿವಿ, ಒಂದು ಕಣ್ಣು.

ಹೋದ ವಾರ ಎದುರಿನ ಸೀಟಿನಲ್ಲಿ ಆಸ್ಪತ್ರೆಯ ನೀಲಿ ಬಟ್ಟೆ ತೊಟ್ಟ ಹೆಂಗಸೊಬ್ಬಳು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಪಾಳಿ ಮುಗಿಸಿ ಬಂದವಳಿರಬೇಕು. ಕೊಲ್ಲಿಯ ಕೆಳಗಿನ ಸುರಂಗ ದಾಟಿತು, ನಗರದ ನಿಲ್ದಾಣಗಳು ಒಂದೊಂದಾಗಿ ದಾಟಿದವು, ಅವಳು ಏಳಲಿಲ್ಲ. ಕುಬೇರಪ್ಪನಿಗೆ ಅಂದು ಎರಡು ಕಣ್ಣೂ ಸಿಕ್ಕವು, ಕೊರಳೂ ಸಿಕ್ಕಿತು, ಮಡಿಲಲ್ಲಿ ಬಿದ್ದಿದ್ದ ಕೈಗಳೂ. ಕೊನೆಯ ನಿಲ್ದಾಣದಲ್ಲಿ ರೈಲು ನಿಂತಾಗ ಎಲ್ಲರೂ ಇಳಿದು, ಡಬ್ಬಿಯಲ್ಲಿ ಅವರಿಬ್ಬರೇ ಉಳಿದಿದ್ದರು. ಅವನು ಪುಸ್ತಕ ಜೇಬಿಗೆ ಹಾಕಿಕೊಂಡು ಎದ್ದು, ಸೀಟಿನ ಬೆನ್ನನ್ನು ಮೆಲ್ಲಗೆ ತಟ್ಟಿ, "ಲಾಸ್ಟ್ ಸ್ಟಾಪ್" ಅಂದ.

ಅವಳು ಗಾಬರಿಯಿಂದ ಎದ್ದು, ತನ್ನ ನಿಲ್ದಾಣ ಹಿಂದೆಯೇ ಹೋಯಿತೆಂದು ತಿಳಿದು ಸೋತಂತೆ ನಕ್ಕಳು. ಥ್ಯಾಂಕ್ಯೂ ಎಂದು ಚೀಲ ಎತ್ತಿಕೊಂಡು ಪ್ಲಾಟ್‌ಫಾರಮ್ಮಿನ ಆಚೆ ಬದಿಗೆ ಹೋದಳು. ಕುಬೇರಪ್ಪನೂ ಇಳಿದ. ಮರಳುವ ರೈಲಿಗೆ ಇನ್ನೂ ಹೊತ್ತಿತ್ತು. ಅವಳಿಂದ ಸ್ವಲ್ಪ ದೂರದಲ್ಲಿ, ಅದೇ ರೈಲಿಗಾಗಿ, ಅವನೂ ನಿಂತ.